ಏಳನೇ ಸುತ್ತೋಲೆ

ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು, ಗೀಸರಿನ ಅಡಿಗೆ ಕತ್ತು ತೂರಿಸಿ, ತರಕಾರಿ ಹೆಚ್ಚುವ ಚಾಕುವಿನಿಂದ ಅಂಟಿನ ಉಂಡೆಯೊಂದನ್ನು ಕೆರೆಯುತ್ತಿದ್ದ ಭುಜಂಗನಿಗೆ, ಈಗ ತಾನು ಇಲ್ಲಿಂದ ಜಾರಿಬಿದ್ದು ಸತ್ತರೆ ಒಳ್ಳೆಯದೇ ಆಗುತ್ತದೆ ಎಂದು ಅನ್ನಿಸಿತು. ಸಂಜೆ ನಾಲ್ಕಕ್ಕೆ ಕರೆದಿರುವ ಸಭೆ ಸಂತಾಪಸಭೆಯಾಗುತ್ತದೆ. ಕೆಳಗಿನ ಮನೆಯ ಒಲಿಂಡಾಬಾಯಿ ತನ್ನ ಸೀಲಿಂಗಿನಲ್ಲಿ ದಿನದಿನಕ್ಕೆ ಬೆಳೆಯುತ್ತಿರುವ ನೀರಿನ ಕಲೆಯನ್ನು ಮರೆತು ಕಣ್ಣೊರೆಸಿಕೊಳ್ಳುತ್ತಾಳೆ. ಸಂಘದ ಅಧ್ಯಕ್ಷ ಪ್ರಖ್ಯಾತ್, ವಯಸ್ಸಿನಲ್ಲಿ ಚಿಕ್ಕವನಾದರೂ ಮಾತು ಬಲ್ಲವನು, ‘ಈ ಕಟ್ಟಡದ ಒಂದೊಂದು ನಲ್ಲಿಯ ಕಷ್ಟಸುಖವನ್ನೂ ತಿಳಿದವರಾಗಿದ್ದರು’ ಎಂದು ಏನಾದರೊಂದು ಹೇಳುತ್ತಾನೆ. ಆದರೆ ಹೆಣ ಎತ್ತಲು ಬಂದವರಲ್ಲಿ ಒಬ್ಬನಾದರೂ ತಲೆಯೆತ್ತಿ ನೋಡದೆ ಇರುತ್ತಾನೆಯೇ? ನೋಡಿದರೆ ಕಾಣುವುದು ಇದೇ ಉಂಡೆ. ಸತ್ತೂ ಪ್ರಯೋಜನವಿಲ್ಲ ಎಂದು ಖಾತ್ರಿಯಾದ ಮೇಲೆ ಭುಜಂಗ ಕಾಲನ್ನು ಸ್ಟೂಲಿನ ಮೇಲೆ ಇನ್ನಷ್ಟು ಭದ್ರವಾಗಿ ಊರಿಕೊಂಡ.

“ಒಳಗೆ ಎಂತ ಮಾಡ್ತಾ ಇದ್ದೀರಿ? ಮುಕ್ಕಾಲು ಗಂಟೆ ಆಯಿತು,” ಎಂದಳು ಹೆಂಡತಿ ಕುಶಲಾ, ಬಾಗಿಲಿನ ಹೊರಗಿನಿಂದ.

“ಪರಿಶೀಲನೆ.”

“ಹೊಟ್ಟೆ ಸರಿ ಉಂಟಲ್ವಾ?”

ಉಂಡೆ ದೊಡ್ಡದೇನಲ್ಲ, ನೆಲ್ಲಿಕಾಯಿಯಷ್ಟು. ಆದರೆ ಅದು ಕುಳಿತಿದ್ದ ಜಾಗ ಅಂಥದ್ದು. ಗೀಸರಿಗೆ ತಣ್ಣೀರು ಹೋಗುವ ಕೊಳವೆಗೆ ಹಿತ್ತಾಳೆಯ ಒಂದು ಪುಟ್ಟ ವಾಲ್ವ್ ಇರುತ್ತದೆ. ಒಳಗಿನ ನೀರು ಕಾದು ಹಿಗ್ಗಿದಾಗ ಹೆಚ್ಚಾದದ್ದು ಆ ವಾಲ್ವಿನ ಬಾಯಿಯಿಂದ ತೊಟ್ಟುತೊಟ್ಟಾಗಿ ಹೊರಗೆ ಹೋಗಬೇಕು. ‘ಸದರಿ ತೊಟ್ಟಿಕ್ಕುವಿಕೆಯು ದೋಷವಲ್ಲ, ಅದು ಗೀಸರಿನ ಆರೋಗ್ಯದ ಲಕ್ಷಣ. ಅದರ ಬಾಯಿಯನ್ನು ಯಾವ ಕಾರಣಕ್ಕೂ ಮುಚ್ಚತಕ್ಕದ್ದಲ್ಲ. ಮುಚ್ಚಿದಲ್ಲಿ ಟ್ಯಾಂಕು ಬಿರಿದು ಕೆಳಗಿನ ಮನೆಗೆ ನೀರಿಳಿಯುವುದಲ್ಲದೆ ಜೀವಾಪಾಯವೂ ಉಂಟು.’ ಇದು ಏಳನೇ ಸುತ್ತೋಲೆ. ಸಂತೆಕಟ್ಟೆಯ ಹೆದ್ದಾರಿಗೆ ಬೆನ್ನು ಹಾಕಿ ನಿಂತ ಈ ನಾಲ್ಕು ಮಹಡಿಯ ಕಟ್ಟಡದಲ್ಲಿ, ಲಿಫ್ಟಿನ ಪಕ್ಕ, ಲ್ಯಾಮಿನೇಷನ್ ಮಾಡಿಸಿ ಅಂಟಿಸಿದ್ದು. ಕೆಳಗೆ ಸಹಿ: ಭುಜಂಗ, ಕಾರ್ಯದರ್ಶಿ, ನಿವೃತ್ತ ನಿರ್ವಹಣಾ ಮೇಲ್ವಿಚಾರಕ, ಮಸ್ಕತ್. ‘ಮುಚ್ಚತಕ್ಕದ್ದಲ್ಲ’ ಎಂಬುದರ ಅಡಿಗೆ ಎರಡು ಕೆಂಪು ಗೆರೆ ಎಳೆದವನು ಅವನೇ. ಮನೆಗೆ ಬಂದು ವಾಲ್ವಿನ ಬಾಯಿ ಮುಚ್ಚಿದವನೂ ಅವನೇ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂದು ಲೋಕ ಆಡಿಕೊಳ್ಳುವುದು ಇಂಥವರನ್ನು ನೋಡಿಯೇ.

ಮುಚ್ಚಿದ್ದು ನೀರು ತುಂಬುವ ಹಬ್ಬದ ಸಂಜೆ. ಕುಶಲಾ ಹಿರಿಯಡ್ಕದವಳು. ಅವಳ ತಾಯಿಮನೆಯಲ್ಲಿ ದೀಪಾವಳಿಯ ಎಣ್ಣೆಸ್ನಾನಕ್ಕೆ ಹಿಂದಿನ ಸಂಜೆ ಬಚ್ಚಲಿನ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಅದರ ಕತ್ತಿಗೆ ಹಿಂಡ್ಲೆಬಳ್ಳಿ ಸುತ್ತಿ, ಶೇಡಿಮಣ್ಣಿನ ಬಿಳಿ ಗೆರೆ ಎಳೆದು, ಜಾಗಟೆ ಬಾರಿಸುತ್ತ ಬಾವಿಯ ನೀರು ತಂದು ತುಂಬುತ್ತಿದ್ದರು. ಫ್ಲಾಟಿನಲ್ಲಿ ಹಂಡೆ ಎಲ್ಲಿಂದ ಬರಬೇಕು? ಇಪ್ಪತ್ತೈದು ಲೀಟರಿನ ಗೀಸರೇ ಹಂಡೆ. ಕುಶಲಾ ಅದಕ್ಕೇ ಬಳ್ಳಿ ಸುತ್ತಿದಳು, ಅದರ ಬಿಳಿ ಮೈಗೆ ಕೆಮ್ಮಣ್ಣಿನ ಗೆರೆ ಎಳೆದಳು, ನೇರ ಕೆಳಗೆ ನೆಲದ ಮೇಲೆ ಎಂಟೆಸಳಿನ ರಂಗೋಲಿ ಬರೆದಳು. ವಾಲ್ವು ಸರಿಯಾಗಿ ರಂಗೋಲಿಯ ನಡುವಿಗೆ ತೊಟ್ಟಿಕ್ಕಿತು. ಒರೆಸಿ ಮತ್ತೆ ಬರೆದಳು, ಮತ್ತೆ ತೊಟ್ಟಿಕ್ಕಿತು. “ಒಂದು ದಿನದ ಮಟ್ಟಿಗೆ ಅದನ್ನು ನಿಲ್ಲಿಸಲಿಕ್ಕೆ ಆಗುವುದಿಲ್ವಾ ನಿಮಗೆ? ಇಪ್ಪತ್ತಾರು ವರ್ಷ ಮಸ್ಕತ್ತಿನಲ್ಲಿ ಎಂತ ಮಾಡಿದ್ದು ಹಾಗಾದರೆ?” ಅಷ್ಟು ಸಾಕಾಯಿತು. ಒಂದೇ ದಿನಕ್ಕೆ ಎಂದು ಅಂಟು ಮೆತ್ತಿ ಮುಚ್ಚಿದ. ಮರುದಿನ ದೀಪವಿಟ್ಟು ಬಲೀಂದ್ರನನ್ನು ಕರೆಯುವ ಗಡಿಬಿಡಿ, ಆಮೇಲೆ ಕಾಪುವಿನಲ್ಲಿ ನಾದಿನಿಯ ಮನೆಯ ಊಟ, ಆಮೇಲೆ ಮರೆವು. ಮರೆವು ಕೂಡ ಅಸಲಿ ಮರೆವಲ್ಲ. ಸ್ನಾನಕ್ಕೆ ನಿಂತಾಗಲೆಲ್ಲ ಉಂಡೆ ಕಣ್ಣಿಗೆ ಬೀಳುತ್ತಿತ್ತು. ನಾಳೆ ತೆಗೆದರಾಯಿತು ಎಂದುಕೊಂಡು ಅವನು ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನೆಲ ಒಣಗಿಕೊಂಡು ಎಷ್ಟು ಚಂದ ಉಂಟು ಎಂದು ಕುಶಲಾ ಬೇರೆ ಹೇಳಿದ್ದಳು. ಹೊಗಳಿಕೆ ಅಪರೂಪವಾದ ಮನೆಯಲ್ಲಿ ಅಂಥದೊಂದು ಮಾತಿಗಾಗಿ ಗಂಡಸು ಏನು ಬೇಕಾದರೂ ಮಾಡಿಯಾನು.

ನಾಲ್ಕು ದಿನದ ಹಿಂದೆ ಒಲಿಂಡಾಬಾಯಿ ಬಂದು ಬಾಗಿಲು ತಟ್ಟಿದಳು. “ಭುಜಂಗಣ್ಣ, ನಿಮ್ಮ ಬಾತ್‌ರೂಮು ನನ್ನ ಬೆಡ್‌ರೂಮಿಗೆ ಇಳಿದು ಬರ್ತಾ ಉಂಟು.” ಕಪಾಟು ನೀರು ಕುಡಿದು ಉಬ್ಬಿ ಬಾಗಿಲು ತೆರೆಯುವುದೇ ಇಲ್ಲವಂತೆ. “ಆದಿತ್ಯವಾರದ ಸೀರೆ ಎಲ್ಲ ಒಳಗೆ. ನೈಟಿಯಲ್ಲಿ ಇಗರ್ಜಿಗೆ ಹೋಗ್ಬೇಕಾ ನಾನು?” ಭುಜಂಗನಿಗೆ ಆ ಕ್ಷಣದಲ್ಲೇ ತಿಳಿಯಿತು. ಹೊರದಾರಿ ಸಿಗದ ಒತ್ತಡ ಟ್ಯಾಂಕಿನ ಬೆಸುಗೆಯನ್ನು ಹಿಂಬದಿಯಲ್ಲಿ ಎಲ್ಲೋ ಬಿಚ್ಚಿದೆ, ನೀರು ಗೋಡೆ ಹಿಡಿದು ಟೈಲಿನ ಸಂದಿಗೆ ಇಳಿದಿದೆ. ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಹೊಳೆಪ್ಪ ನಟ್ಟು ತಿರುಗಿಸುವ ಪಾನಾ ಹಿಡಿದು ಮೆಟ್ಟಿಲು ಹತ್ತಿ ಬಂದ. ಹೊಳೆಪ್ಪ ಕುಷ್ಟಗಿಯ ಕಡೆಯವನು, ಈ ಕಟ್ಟಡ ಏಳುವಾಗ ಕಲ್ಲು ಹೊರಲು ಬಂದವನು, ಎದ್ದ ಮೇಲೆ ಇಲ್ಲಿಯೇ ಉಳಿದ. ಕಾವಲು ಅವನೇ, ಪ್ಲಂಬರ್ ಅವನೇ. ಹೆಂಡತಿ ಹನುಮವ್ವ ಮೆಟ್ಟಿಲು ಗುಡಿಸುತ್ತಾಳೆ, ಕೆಳಗೆ ಜನರೇಟರಿನ ಪಕ್ಕದ ಕೋಣೆಯಲ್ಲಿ ಇಬ್ಬರ ಸಂಸಾರ. ಅವನನ್ನು ನೋಡಿದ್ದೇ ತಡ, ಭುಜಂಗನ ತೆರೆದ ಬಾಯಿಯಿಂದ ಬೇರೆಯೇ ಮಾತು ಬಂತು. “ಜೂನಿನಲ್ಲಿ ನೀನು ಹಾಕಿದ ಜಾಯಿಂಟ್ ಉಂಟಲ್ಲ ಮಾರಾಯ, ಅದೇ ಇರಬೇಕು.”

ಇರಬೇಕು ಎಂದದ್ದು ಸುಳ್ಳಲ್ಲ ಎಂದು ಅವನು ಆಮೇಲೆ ನೂರು ಸಲ ತನಗೆ ಹೇಳಿಕೊಂಡಿದ್ದಾನೆ. ಹೊಳೆಪ್ಪ ಬಚ್ಚಲಿಗೆ ಬಂದು, ಸ್ಟೂಲು ಹತ್ತಿ ಬಹಳ ಹೊತ್ತು ನೋಡಿದ. ಬಾಡಿದ ಹಿಂಡ್ಲೆಬಳ್ಳಿಯ ಹಿಂದೆ ಅವನ ಮುಖ ಕಾಣಲಿಲ್ಲ. ಇಳಿದು, “ನೋಡೂಣ ತಗೋರಿ ಸರ,” ಎಂದಷ್ಟೇ ಹೇಳಿ ಹೋದ. ಒಲಿಂಡಾಬಾಯಿ ಪ್ರಖ್ಯಾತನಿಗೆ ಹೇಳಿದಳು, ಪ್ರಖ್ಯಾತ್ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ, ಸಂಜೆಯ ಹೊತ್ತಿಗೆ ‘ಇರಬೇಕು’ ಎಲ್ಲೋ ಬಿದ್ದುಹೋಗಿ ‘ಹೊಳೆಪ್ಪನ ಕೆಲಸ ಸರಿಯಿಲ್ಲ’ ಎಂಬುದು ಮಾತ್ರ ಉಳಿಯಿತು. ಇವತ್ತಿನ ಸಭೆ ಅದಕ್ಕೇ: ಕಟ್ಟಡವನ್ನು ಉಡುಪಿಯ ಯಾವುದೋ ಕಂಪನಿಗೆ ವಹಿಸುವುದು, ತಿಂಗಳ ಕೊನೆಗೆ ಹೊಳೆಪ್ಪನಿಂದ ಕೋಣೆ ಬಿಡಿಸುವುದು. ಇನ್ನೂ ನಾಚಿಕೆಗೇಡಿನ ಸಂಗತಿ ಒಂದಿತ್ತು. ಗೀಸರು ಸೋರಿದರೆ ಮೊದಲು ಸ್ವಿಚ್ಚು ಆರಿಸಬೇಕು, ಕೂಡಲೇ ತಣ್ಣೀರಿನ ನಲ್ಲಿ ಬಂದ್ ಮಾಡಬೇಕು. ಇದೂ ಸುತ್ತೋಲೆಯಲ್ಲಿ ಉಂಟು. ಭುಜಂಗ ಸ್ವಿಚ್ಚು ಆರಿಸಿದ. ನಲ್ಲಿ ಬಂದ್ ಮಾಡಿದರೆ ಸೋರುವುದು ನಿಲ್ಲುತ್ತದೆ, ನಿಂತರೆ ಸೋರಿದ್ದು ಗೀಸರೇ ಎಂದು ಸಾಬೀತಾಗುತ್ತದೆ. ಹಾಗಾಗಿ ನಲ್ಲಿಯನ್ನು ಹಾಗೇ ಬಿಟ್ಟ. ತನ್ನ ಮಾತಿನ ಮಾನ ಉಳಿಸಲು ಅವನು ನಾಲ್ಕು ದಿನ ಆ ಹೆಂಗಸಿನ ಮನೆಗೆ ನೀರು ಬಿಟ್ಟಿದ್ದ.

ಚಾಕುವಿನ ತುದಿ ಮುರಿಯಿತು. ಮಸ್ಕತ್ತಿನ ಹೋಟೆಲಿನ ಮೂರನೇ ಮಹಡಿಯಲ್ಲಿ ಇಡೀ ಕಾರಿಡಾರಿನ ಕಾರ್ಪೆಟ್ಟು ನೀರಿನಲ್ಲಿ ತೇಲಿದ ದಿನ ಮ್ಯಾನೇಜರ್ ಸಾಲಾಗಿ ನಿಂತವರನ್ನು ಇದು ಯಾರ ತಪ್ಪು ಎಂದು ಕೇಳಿದ್ದ. ಆ ಪೈಪನ್ನು ಮುಂದಿನ ತಿಂಗಳು ಬದಲಿಸಿದರಾಯಿತು ಎಂದವನು ಭುಜಂಗನೇ. ಅವನು ಯಾರ ಕಡೆಗೂ ಬೊಟ್ಟು ಮಾಡಲಿಲ್ಲ, ಸುಮ್ಮನೆ ಎಡಕ್ಕೆ ನೋಡಿದ. ಎಡಕ್ಕೆ ನಿಂತಿದ್ದವನು ಬಿಹಾರದ ಒಬ್ಬ ನರೆತ ಕೂದಲಿನ ಮನುಷ್ಯ, ಕೆಲಸ ಕಳೆದುಕೊಂಡು ಮುಂದಿನ ವಾರದ ವಿಮಾನದಲ್ಲಿ ಊರಿಗೆ ಹೋದ. ಹೋಗುವ ಮೊದಲು ಬಂದು ಭುಜಂಗನ ಕೈ ಕುಲುಕಿ, ಎರಡು ವರ್ಷ ಕೆಲಸ ಕಲಿಸಿದ್ದಕ್ಕೆ ಉಪಕಾರ ಹೇಳಿದ್ದ. ಆ ಕೈ ಒರಟಾಗಿ, ಬೆಚ್ಚಗೆ ಇತ್ತು. ಹದಿನಾಲ್ಕು ವರ್ಷವಾಯಿತು. ಇಷ್ಟು ವರ್ಷ ನೆನಪಾಗದಿದ್ದವನು ಈ ನಾಲ್ಕು ದಿನದಿಂದ ಬಚ್ಚಲಿಗೇ ಬಂದು ನಿಲ್ಲುತ್ತಿದ್ದಾನೆ.

ಕೈ ತೊಳೆಯಲು ನಲ್ಲಿ ತಿರುಗಿಸಿದರೆ ನೀರು ನೂಲಿನಂತೆ ಇಳಿಯಿತು. ಮೂರು ದಿನದಿಂದ ಹೀಗೆಯೇ. ಇದು ಹೊಳೆಪ್ಪನ ಸೇಡು ಎಂದು ಭುಜಂಗ ಅಂದುಕೊಂಡಿದ್ದ, ಅಂದುಕೊಂಡದ್ದರಿಂದ ಸ್ವಲ್ಪ ಹಾಯಾಗಿಯೂ ಇತ್ತು. ಎದುರಿನವನೂ ಸಣ್ಣವನೇ ಎಂದು ಗೊತ್ತಾದರೆ ಮನುಷ್ಯನಿಗೆ ಎಷ್ಟೋ ಸಮಾಧಾನ. ಈಗ ಸಿಟ್ಟು ಬಂದು, ಹಿಡಿದೇ ಬಿಡುತ್ತೇನೆ ಎಂದು ತಾರಸಿಗೆ ಹತ್ತಿದ. ನೀರಿನ ಟಾಕಿಯಿಂದ ಮನೆಮನೆಗೆ ಇಳಿಯುವ ಕೊಳವೆಗಳಲ್ಲಿ ಅವನ ಮನೆಯದರ ವಾಲ್ವು ಮುಕ್ಕಾಲು ಮುಚ್ಚಿತ್ತು. ಬೇರೆ ಯಾರೂ ತಿರುಗಿಸದಿರಲೆಂದು ಅದಕ್ಕೊಂದು ಹಳೆಯ ಸೀರೆಯ ಅಂಚು ಕಟ್ಟಿತ್ತು. ಉಳಿದವೆಲ್ಲ ಪೂರ್ತಿ ತೆರೆದಿದ್ದವು. ಭುಜಂಗ ಬಿಸಿಲಿನಲ್ಲಿ ಅದನ್ನು ನೋಡುತ್ತ ನಿಂತ. ಮನೆಗೆ ನೀರು ಕಡಿಮೆ ಬಂದರೆ ಒಡೆದ ಟ್ಯಾಂಕಿಗೂ ಕಡಿಮೆ, ಒಲಿಂಡಾಬಾಯಿಯ ಸೀಲಿಂಗಿಗೂ ಕಡಿಮೆ. ತಾನು ಮುಚ್ಚದೆ ಬಿಟ್ಟ ನಲ್ಲಿಯನ್ನು ಹೊಳೆಪ್ಪ ಇಲ್ಲಿ, ಯಾರಿಗೂ ಹೇಳದೆ, ಮುಚ್ಚಿದ್ದ. ಹಾಗಾದರೆ ಅವನು ಅವತ್ತೇ ಉಂಡೆಯನ್ನು ನೋಡಿದ್ದಾನೆ. ನೋಡಿಯೂ ಸುಮ್ಮನಿದ್ದಾನೆ. ಭುಜಂಗನಲ್ಲಿ ಕೃತಜ್ಞತೆ ಹುಟ್ಟಬೇಕಾದ ಜಾಗದಲ್ಲಿ ಹುಟ್ಟಿದ್ದು ಒಂದೇ ಪ್ರಶ್ನೆ: ಇವನು ಇವತ್ತು ಸಭೆಯಲ್ಲಿ ಹೇಳುತ್ತಾನೋ?

ಇಳಿಯುವಾಗ ಎರಡನೇ ಮಹಡಿಯ ಮೆಟ್ಟಿಲಿನಲ್ಲಿ ಹನುಮವ್ವ ಸಿಕ್ಕಿದಳು. ಪೊರಕೆ ಗೋಡೆಗೆ ಒರಗಿಸಿ ದಾರಿ ಬಿಟ್ಟಳು.

“ಸರ, ಇವತ್ತ ಮೀಟಿಂಗ್ ಐತಂತಲ್ರಿ. ಸಾಮಾನು ಕಟ್ಟೂದೋ ಬ್ಯಾಡೋ ಮೊದ್ಲಽ ಹೇಳಿಬಿಡ್ರಿ. ರಟ್ಟಿನ ಡಬ್ಬಿ ಹುಡುಕಬೇಕು.”

“ನೋಡುವ, ನೋಡುವ,” ಎಂದ ಭುಜಂಗ.

“ಹೂಂ. ನೋಡ್ರಿ,” ಎಂದಳು. ಅವಳ ಮುಖದಲ್ಲಿ ಇದ್ದದ್ದು ಅಳುವಲ್ಲ, ಸಿಟ್ಟೂ ಅಲ್ಲ, ಪರೀಕ್ಷೆಯ ಫಲಿತಾಂಶ ಕಾಯುವವರ ಕುತೂಹಲ. ಅದು ಅವನಿಗೆ ಅರ್ಥವಾಗಲಿಲ್ಲ.

ಊಟಕ್ಕೆ ಕೂತರೆ ಸಾರು ರುಚಿಸಲಿಲ್ಲ. ಹೊಳೆಪ್ಪ ಹೇಳುವ ಮೊದಲು ತಾನೇ ಹೇಳಿಬಿಡಬೇಕು ಎಂದು ನಿಶ್ಚಯಿಸಿದ. ಇದು ಪಶ್ಚಾತ್ತಾಪವೋ, ಸಿಕ್ಕಿಬೀಳುವ ಭಯವೋ ಎಂದು ತನ್ನನ್ನೇ ಕೇಳಿಕೊಂಡ. ಭಯ ಎಂಬ ಉತ್ತರ ತಕ್ಷಣ ಬಂತು, ಅದನ್ನು ಮರೆಯಲು ಇನ್ನೊಂದು ಸುತ್ತು ಅನ್ನ ಬಡಿಸಿಕೊಂಡ. ಮೂರು ವಾಕ್ಯ ಸಾಕು. ಒಂದು: ಈ ಸೋರಿಕೆಯ ಹೊಣೆ ನನ್ನದು. ಎರಡು: ಹೊಳೆಪ್ಪನ ಕೆಲಸದಲ್ಲಿ ತಪ್ಪಿಲ್ಲ. ಮೂರು: ವಾಲ್ವಿನ ಬಾಯಿಯನ್ನು ನಾನೇ ಮುಚ್ಚಿದೆ. ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದ. ಮೊದಲಿನ ಎರಡು ಗಂಭೀರವಾಗಿ ಬಂದವು. ಮೂರನೆಯದಕ್ಕೆ ಪ್ರತಿಸಲವೂ ಕೆಮ್ಮು ಬಂತು.

ಸಭೆ ಒಲಿಂಡಾಬಾಯಿಯ ಮಲಗುವ ಕೋಣೆಯಲ್ಲಿಯೇ ಸೇರಿತು, ಕಲೆಯನ್ನು ಕಣ್ಣಾರೆ ನೋಡಬೇಕೆಂದು ಎಲ್ಲರೂ ಹೇಳಿದ್ದರಿಂದ. ಹತ್ತು ಹನ್ನೆರಡು ಜನ ಮಂಚದ ಸುತ್ತ ನಿಂತು, ಕೈಯಲ್ಲಿ ಚಹಾ ಹಿಡಿದು, ಕತ್ತೆತ್ತಿ ನೋಡಿದರು. ಕಲೆ ಹಳದಿಯಾಗಿ, ಅಂಚಿನಲ್ಲಿ ಕಂದಾಗಿ, ಮಂಚದಷ್ಟೇ ಅಗಲಕ್ಕೆ ಹರಡಿತ್ತು. ಸುಣ್ಣದ ಒಂದು ಹೆಕ್ಕಳೆ ಯಾರದೋ ಚಹಾಕ್ಕೆ ಬಿತ್ತು. ಕುಶಲಾ ಬಾಗಿಲ ಬಳಿ ಹೆಂಗಸರ ಜೊತೆ ನಿಂತಿದ್ದಳು. ಅವಳಿಗಿಂತ ಹಿಂದೆ, ಹೊಸ್ತಿಲಿನ ಆಚೆ, ಹೊಳೆಪ್ಪ. ಹೊಸ್ತಿಲು ದಾಟಿ ಬಾ ಎಂದು ಅವನಿಗೆ ಯಾರೂ ಹೇಳಲಿಲ್ಲ. ಪ್ರಖ್ಯಾತ್ ಪೀಠಿಕೆ ಹಾಕಿ, “ನಮ್ಮ ಕಾರ್ಯದರ್ಶಿಯವರು ಈ ವಿಷಯದಲ್ಲಿ ಎಕ್ಸ್‌ಪರ್ಟ್. ಅವರೇ ಹೇಳಲಿ,” ಎಂದ.

“ಈ ಸೋರಿಕೆಯ ಹೊಣೆ ನನ್ನದು,” ಎಂದ ಭುಜಂಗ. ಧ್ವನಿ ಚೆನ್ನಾಗಿ ಬಂತು. “ಹೊಳೆಪ್ಪನ ಕೆಲಸದಲ್ಲಿ ತಪ್ಪಿಲ್ಲ.”

ಕೆಮ್ಮಲು ಒಂದು ಕ್ಷಣ ನಿಂತ. ಆ ಒಂದು ಕ್ಷಣ ಸಾಕಾಯಿತು.

“ನೋಡಿ, ಇದಕ್ಕೆ ಹೇಳುವುದು ದೊಡ್ಡತನ ಅಂತ,” ಎಂದ ಪ್ರಖ್ಯಾತ್. “ಕೆಳಗಿನವರ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವವರು ಈಗ ಎಲ್ಲಿದ್ದಾರೆ?” ಯಾರೋ ಹೌದು ಹೌದು ಎಂದರು. ಒಲಿಂಡಾಬಾಯಿ, “ಅವರದ್ದು ಮೊದಲಿನಿಂದಲೂ ಹಾಗೆಯೇ, ಪಾಪದವರು,” ಎಂದು ಅವನ ಬಶಿಗೆ ಇನ್ನೊಂದು ಬಿಸ್ಕಿಟು ಇಟ್ಟಳು. ಮೂರನೇ ವಾಕ್ಯ ನಾಲಿಗೆಯ ತುದಿಯಲ್ಲಿಯೇ ಇತ್ತು. ಆದರೆ ಇಡೀ ಕೋಣೆ ಅವನನ್ನು ನೋಡುತ್ತಿದ್ದ ರೀತಿ ಎಷ್ಟು ಹಿತವಾಗಿತ್ತೆಂದರೆ, ಇದನ್ನು ಒಂದು ಗುಟುಕು ಅನುಭವಿಸಿ ಆಮೇಲೆ ಹೇಳಿದರಾಯಿತು ಎಂದು ಅವನಿಗೆ ಅನ್ನಿಸಿತು. ಹೇಳಿದ್ದಂತೂ ಹೇಳಿಯಾಗಿದೆ, ನಂಬದಿದ್ದರೆ ತನ್ನ ತಪ್ಪೇ? ಬಿಸ್ಕಿಟನ್ನು ಚಹಾದಲ್ಲಿ ಅದ್ದಿದ. ಪ್ರಖ್ಯಾತ್ ಮುಂದುವರಿಸಿದ. “ಅವರ ಮನಸ್ಸು ದೊಡ್ಡದು, ಒಪ್ಪುವ. ಆದರೆ ಕಟ್ಟಡ ನಡೆಸಲಿಕ್ಕೆ ಮನಸ್ಸು ಮಾತ್ರ ಸಾಲುವುದಿಲ್ಲ. ಹೊಳೆಪ್ಪ ಈ ತಿಂಗಳ ಕೊನೆಗೆ ಕೋಣೆ ಬಿಡಲಿ. ಎಲ್ಲರಿಗೂ ಒಪ್ಪಿಗೆ ಉಂಟಲ್ವಾ?” ಭುಜಂಗ ಕಣ್ಣೆತ್ತಿದ. ಹೊಸ್ತಿಲಿನ ಆಚೆಯಿಂದ ಹೊಳೆಪ್ಪ ಅವನನ್ನೇ ನೋಡುತ್ತಿದ್ದ, ಬೇಡುವವನಂತಲ್ಲ, ಬೆದರಿಸುವವನಂತೆಯೂ ಅಲ್ಲ. ಬಿಸ್ಕಿಟು ಮೆತ್ತಗಾಗಿ ಚಹಾದೊಳಗೆ ಬಿತ್ತು. ಭುಜಂಗ ಚಮಚ ಹುಡುಕಲು ಎಡಕ್ಕೆ ನೋಡಿದ.

“ದೊಡ್ಡ ಮನಸ್ಸು ಎಂತದ್ದೂ ಇಲ್ಲ,” ಎಂದಳು ಕುಶಲಾ.

ಕೋಣೆ ಅವಳ ಕಡೆ ತಿರುಗಿತು.

“ಅವರೇ ಮುಚ್ಚಿದ್ದು, ಆ ವಾಲ್ವನ್ನು. ಹಬ್ಬದ ದಿನ ನನ್ನ ರಂಗೋಲಿ ಹಾಳಾಗ್ತದೆ ಅಂತ ನಾನೇ ಮುಚ್ಚಿಸಿದ್ದು. ನನಗೆ ಗೀಸರಿನ ವಿಷಯ ಎಂತ ಗೊತ್ತು? ಅವರಿಗೆ ಗೊತ್ತುಂಟಲ್ಲ, ಬೋರ್ಡೇ ಬರೆದು ಹಾಕಿದ್ದಾರೆ. ಬೆಳಿಗ್ಗೆಯಿಂದ ನನ್ನ ತರಕಾರಿ ಚಾಕು ಹಿಡಿದುಕೊಂಡು ಅದನ್ನೇ ಕೆರೀತಾ ಇದ್ದರು. ಈಗ ಚಾಕುವಿಗೆ ತುದಿಯೂ ಇಲ್ಲ. ಹೊಳೆಪ್ಪನನ್ನು ಎಂತಕ್ಕೆ ಕಳಿಸ್ತೀರಿ ನೀವು?”

ಒಲಿಂಡಾಬಾಯಿ ಅವನ ಬಶಿಯಿಂದ ಬಿಸ್ಕಿಟನ್ನು ಹಿಂದಕ್ಕೆ ತೆಗೆದುಕೊಂಡಳು. ಅದನ್ನು ನೋಡಿ ಯಾರೋ ನಕ್ಕರು, ನಗು ಒಬ್ಬರಿಂದ ಒಬ್ಬರಿಗೆ ಹತ್ತಿ, ಕೊನೆಗೆ ಪ್ರಖ್ಯಾತ್ ಕೂಡ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ. ಮಾನ ಹೋಯಿತು ಎಂದುಕೊಂಡ ಭುಜಂಗ. ಆದರೆ ಹೋದ ಜಾಗದಲ್ಲಿ, ಅವನೇ ನಂಬಲಾಗದಂತೆ, ಒಂದು ಹಗುರತನ ಇತ್ತು. ನಿರ್ಣಯಗಳು ಬೇಗಬೇಗ ಆದವು. ಹೊಳೆಪ್ಪ ಇಲ್ಲಿಯೇ ಇರುವುದು. ಸೀಲಿಂಗಿಗೆ ಬಣ್ಣ, ಕಪಾಟಿನ ರಿಪೇರಿ ಭುಜಂಗನದು. ಆದಿತ್ಯವಾರದ ಒಳಗೆ ಕಪಾಟಿನ ಬಾಗಿಲು ತೆರೆಸಿಕೊಡದಿದ್ದರೆ ತಾನು ಕುಶಲಾಳ ಸೀರೆ ಉಟ್ಟು ಇಗರ್ಜಿಗೆ ಹೋಗುವುದು ಎಂದು ಒಲಿಂಡಾಬಾಯಿ ತನ್ನ ಕಡೆಯಿಂದ ಸೇರಿಸಿದಳು.

ಸಭೆ ಮುಗಿದ ಕೂಡಲೇ ಹೊಳೆಪ್ಪ ಪಾನಾ ತಂದ. ಭುಜಂಗ ಬಾಲ್ದಿ ಹಿಡಿದ. ತಣ್ಣೀರಿನ ನಲ್ಲಿ ಬಂದ್ ಮಾಡಿ, ಕೆಳಗಿನ ಕೊಳವೆ ಬಿಚ್ಚಿದ ಮೇಲೆ ಟ್ಯಾಂಕಿನ ನೀರು ತುಕ್ಕಿನ ಬಣ್ಣದಲ್ಲಿ ಇಳಿಯತೊಡಗಿತು. ಹೊಳೆಪ್ಪ ಸ್ಟೂಲಿನ ಮೇಲೆ, ಭುಜಂಗ ಕೆಳಗೆ. ಕ್ಷಮೆ ಕೇಳಬೇಕೆಂದು ಅವನು ಮಾತು ಹುಡುಕುತ್ತಿದ್ದ. ಬಂದ ಮಾತುಗಳೆಲ್ಲ ಸುತ್ತೋಲೆಯಂತೆ ಇದ್ದವು.

“ಬಾಲ್ದಿ ಸ್ವಲ್ಪ ಮ್ಯಾಲೆ ಹಿಡೀರಿ ಸರ,” ಎಂದ ಹೊಳೆಪ್ಪ. ಆಮೇಲೆ, ಪಾನಾ ತಿರುಗಿಸುತ್ತಲೇ, “ಒಂದು ಮಾತು ಕೇಳಬೇಕಿತ್ರಿ. ನಾನೂ ಹನುಮವ್ವನೂ ಪಣ ಕಟ್ಟಿದ್ವಿ. ಸರಽ ತಾವಾಗಿ ಹೇಳ್ತಾರ ಅಂತ ನಾ, ಹೇಳಂಗಿಲ್ಲ ಅಂತ ಆಕಿ. ಸೋತವರು ಒಂದು ತಿಂಗಳು ಭಾಂಡೆ ತಿಕ್ಕೂದು.”

ಭುಜಂಗ ಬಾಲ್ದಿಯನ್ನು ನೋಡಿದ.

“ಈಗ ನೋಡ್ರಿ, ಫಜೀತಿ ಆಗೇತಿ. ನೀವು ಎದ್ದು ನಿಂತು ಹೊಣಿ ನಂದು ಅಂದ್ರಿ. ಅಮ್ಮಾರು ಹೇಳಿದ್ದು ಆಮ್ಯಾಲೆ. ಆಕಿ ತಾನಽ ಗೆದ್ದೆ ಅಂತಾಳ, ನಾ ನಾನು ಅಂತೀನಿ. ನೀವಽ ಹೇಳ್ರಿ ಸರ, ಯಾರು ಗೆದ್ದಂಗಾತು?”

ಹೊಳೆಪ್ಪ ಗೆದ್ದ ಎಂದರೆ ಯಾರೂ ತಕರಾರು ಮಾಡುವಂತಿರಲಿಲ್ಲ. ಹೊಣೆ ನನ್ನದು ಎಂದದ್ದಕ್ಕೆ ಹನ್ನೆರಡು ಜನ ಸಾಕ್ಷಿ ಇದ್ದರು. ಇನ್ನೊಂದು ನಿಮಿಷ ಬಿಟ್ಟಿದ್ದರೆ ಉಳಿದದ್ದನ್ನೂ ಹೇಳುತ್ತಿದ್ದೆ ಎಂದು ಮಧ್ಯಾಹ್ನದವರೆಗಿನ ಭುಜಂಗನಾದರೆ ತನ್ನನ್ನು ತಾನೇ ಸುಲಭವಾಗಿ ನಂಬಿಸಿಕೊಳ್ಳುತ್ತಿದ್ದ. ಆದರೆ ಚಮಚ ಹುಡುಕಲು ಎಡಕ್ಕೆ ನೋಡಿದ ತನ್ನ ಕತ್ತು ಅವನಿಗೆ ಈಗಲೂ ನೋಯುತ್ತಿತ್ತು.

“ಹನುಮವ್ವ ಗೆದ್ದಳು,” ಎಂದ.

ಹೊಳೆಪ್ಪ ಪಾನಾ ನಿಲ್ಲಿಸಿ ಕೆಳಗೆ ನೋಡಿದ. ನಗಲಿಲ್ಲ.

“ನಾ ನಿಮ್ಮ ಮ್ಯಾಲೆ ಕಟ್ಟಿದ್ದೆ ನೋಡ್ರಿ ಸರ,” ಎಂದ.

ಭುಜಂಗ ತುಂಬಿದ ಬಾಲ್ದಿಯನ್ನು ಪಕ್ಕಕ್ಕೆ ಸರಿಸಿ, ಖಾಲಿ ಬಾಲ್ದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.